ಕಾಪಿ ಆಯ್ತು ಅನ್ನುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀವು ಕಂಪ್ಯೂಟರ್ ಕೆಲಸದಲ್ಲಿದ್ದೀರಿ, ಮಕ್ಕಳಿಗೂ ಊರವರಿಗೂ ಉಪಯೋಗವಾಗುವ ಹಾಗೆ ಒಂದು ಹದಿನೈದು ನಿಮಿಷ ಮಾತಾಡಬೇಕು" ಅಂದರು. "ಯಾವ ವಿಷಯ ಸಾರ್?" ಅಂದೆ. "ನಿಮಗೆ ಚೆನ್ನಾಗಿ ಗೊತ್ತಿರೋದನ್ನೇ ಹೇಳಿ" ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ಕಾಪಿ ಮಾಡುವುದು. ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ಗೆಳೆಯರು ಆಗಲೇ ನಗುತ್ತಿದ್ದಾರೆ. ಯಾಕೆ ಅಂತ ನಿಮಗೂ ಹೇಳಿಬಿಡುತ್ತೇನೆ.

ಒಂಬತ್ತನೇ ತರಗತಿಯ ಗಣಿತದ ಕಿರುಪರೀಕ್ಷೆಯಲ್ಲಿ ನಾನು ಪಕ್ಕದವನ ಪೇಪರ್ ನೋಡಿ ಬರೆದೆ. ಅವನು ಒಂದು ಲೆಕ್ಕದಲ್ಲಿ ಏಳೆಂಟಲ ಐವತ್ತನಾಲ್ಕು ಅಂತ ಬರೆದಿದ್ದ. ನಾನೂ ಹಾಗೇ ಬರೆದೆ. ನಮ್ಮ ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ. ಎರಡು ಪೇಪರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಂದರು. ಆ ಸಾಲಿಗೆ ಬಂದಾಗ ಬೆರಳು ನಿಂತಿತು. "ಏನಯ್ಯಾ, ಸರಿ ಉತ್ತರ ಇಬ್ಬರಿಗೂ ಒಂದೇ ಬರಬಹುದು. ತಪ್ಪು ಇಬ್ಬರಿಗೂ ಒಂದೇ ಹೆಂಗೆ ಬರುತ್ತೆ?" ಅಂದರು. ಆ ಬೆರಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಮಾತಿನ ಕೊನೆಗೆ ಅದು ಮತ್ತೆ ಬೇಕಾಗುತ್ತದೆ.

ಕಾಪಿ ಅಂದರೆ ಶಾಲೆಯಲ್ಲಿ ತಪ್ಪು. ಆದರೆ ಲೋಕದಲ್ಲಿ ಅದಕ್ಕೆ ದೊಡ್ಡ ಗೌರವವಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂದು ನೀವೆಲ್ಲ ಕನ್ನಡ ಪಾಠದಲ್ಲಿ ಓದಿದ್ದೀರಿ. ತಾಳೆಗರಿ ಹುಳು ತಿನ್ನುತ್ತದೆ, ಮುರಿಯುತ್ತದೆ, ಸುಡುತ್ತದೆ. ಪ್ರತಿ ಮಾಡುವವರಿದ್ದದ್ದರಿಂದಲೇ ಹಳಗನ್ನಡ ಕಾವ್ಯಗಳು ನಮ್ಮ ತನಕ ಬಂದವು. ಇತ್ತೀಚಿನ ಉದಾಹರಣೆ ಬೇಕಾದರೆ ನಿಮ್ಮ ಮನೆಯ ಪಹಣಿಯನ್ನೇ ನೋಡಿ. 2000ನೇ ಇಸವಿಯ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿಸಿದರು. ಏರಿಸಿದ ಮೇಲೆ ಅಚ್ಚು ತೆಗೆದು ಮೂಲದ ಪುಸ್ತಕದ ಜೊತೆ ತಾಳೆ ನೋಡಬೇಕಿತ್ತು. ಒಂದು ಗುಂಟೆ ಆಚೀಚೆ ಆದರೂ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ ಅನ್ನುವುದು ಇಲ್ಲಿ ಕೂತಿರುವ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು.

ನಾನು ಹೇಳಬೇಕೆಂದಿರುವುದು ಕಂಪ್ಯೂಟರಿನೊಳಗಿನ ಕಾಪಿಯ ಬಗ್ಗೆ. ಒಂದು ಡಿಸ್ಕಿನಲ್ಲಿರುವ ಫೈಲನ್ನು ಇನ್ನೊಂದು ಡಿಸ್ಕಿಗೆ ಪ್ರೋಗ್ರಾಂ ಬರೆದು ನಕಲು ಮಾಡುವುದು. ಮೌಸ್ ಹಿಡಿದು ಎಳೆದು ಬಿಟ್ಟರೆ ಆಗುವ ಕೆಲಸಕ್ಕೆ ಭಾಷಣ ಯಾಕೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಹೋದ ವರ್ಷದ ತನಕ.

ಮೊದಲು ಅದು ಹೇಗೆ ನಡೆಯುತ್ತದೆ ಹೇಳುತ್ತೇನೆ. ನಮ್ಮೂರಿಗೆ ನೀರಿನ ಉದಾಹರಣೆ ಕೊಟ್ಟರೆ ಸುಲಭ. 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ನೀರು ಕೊಡುವ ಯೋಜನೆ ಆಯಿತು. ಆ ನೀರನ್ನು ನಮ್ಮೂರಿನ ಪಂಪ್‌ಹೌಸಿನಿಂದ ಮಲ್ಲೇಶ್ವರದ ಕಡೆಗೆ ಎತ್ತುತ್ತಿದ್ದ ಕತೆಯನ್ನು ಹಿರಿಯರು ಹೇಳುತ್ತಾರೆ. ಫೈಲ್ ಕಾಪಿಯೂ ಒಂದು ಕೆರೆಯಿಂದ ಇನ್ನೊಂದು ತೊಟ್ಟಿಗೆ ನೀರು ಸಾಗಿಸಿದ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಎಷ್ಟು ಮೊಗೆದರೂ ಕೆರೆ ಬತ್ತುವುದಿಲ್ಲ.

ಫೈಲ್ ಅಂದರೆ ಸಾಲಾಗಿ ಜೋಡಿಸಿದ ಅಂಕಿಗಳು. ಒಂದೊಂದು ಅಂಕಿಗೂ ಬೈಟ್ ಅನ್ನುತ್ತೇವೆ. ಅದರ ಬೆಲೆ 0ಯಿಂದ 255ರ ವರೆಗೆ ಇರುತ್ತದೆ. ಅಕ್ಷರವಾಗಲಿ, ಫೋಟೋ ಆಗಲಿ, ಹಾಡಾಗಲಿ, ಡಿಸ್ಕಿನ ಮೇಲೆ ಎಲ್ಲವೂ ಈ ಅಂಕಿಗಳೇ. ಕಾಪಿ ಮಾಡುವ ಪ್ರೋಗ್ರಾಂ ಮೂಲದ ಫೈಲನ್ನು ಓದುವುದಕ್ಕೆ ತೆರೆಯುತ್ತದೆ, ಹೊಸ ಫೈಲನ್ನು ಬರೆಯುವುದಕ್ಕೆ ತೆರೆಯುತ್ತದೆ. ಒಂದು ಬಿಂದಿಗೆ ಮೊಗೆದು ಈ ಕಡೆ ಸುರಿಯುತ್ತದೆ. ಮತ್ತೆ ಮೊಗೆಯುತ್ತದೆ, ಮತ್ತೆ ಸುರಿಯುತ್ತದೆ. ಮೊಗೆಯಲು ಏನೂ ಸಿಗದೇ ಹೋದಾಗ ಎರಡನ್ನೂ ಮುಚ್ಚುತ್ತದೆ. ಸಿ ಭಾಷೆಯಲ್ಲಿ ಇದು ಹತ್ತು ಹದಿನೈದು ಸಾಲು. ಪೈಥಾನಿನಲ್ಲಾದರೆ ಇದಕ್ಕೆಂದೇ ಮಾಡಿಟ್ಟ ಆಜ್ಞೆ ಇದೆ, ಒಂದೇ ಸಾಲು ಸಾಕು. ಹತ್ತನೇ ತರಗತಿಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಇಷ್ಟು ಸಣ್ಣ ಕೆಲಸದಲ್ಲೂ ಎಡವುವ ಜಾಗಗಳು ಬೇಕಾದಷ್ಟಿವೆ. ಕೊನೆಯ ಬಿಂದಿಗೆ ಸಾಮಾನ್ಯವಾಗಿ ಅರ್ಧಂಬರ್ಧ ತುಂಬಿರುತ್ತದೆ. ಎಷ್ಟು ಬಂತೋ ಅಷ್ಟನ್ನೇ ಸುರಿಯಬೇಕು. ಪೂರ್ತಿ ಬಿಂದಿಗೆ ಸುರಿದರೆ ಹಿಂದಿನ ಸಲ ಅದರೊಳಗೆ ಉಳಿದಿದ್ದೂ ಸೇರಿ, ಫೈಲಿನ ಬಾಲದಲ್ಲಿ ಕಸ ಅಂಟಿಕೊಳ್ಳುತ್ತದೆ. ಹಾಗೆಯೇ, ಬರೆಯುವುದಕ್ಕೆ ಅಂತ ಒಂದು ಫೈಲನ್ನು ತೆರೆದ ಗಳಿಗೆಯಲ್ಲೇ ಅದರಲ್ಲಿ ಮೊದಲಿದ್ದದ್ದು ಖಾಲಿಯಾಗುತ್ತದೆ. ಮೂಲ ಯಾವುದು, ನಕಲು ಯಾವುದು ಅನ್ನುವುದನ್ನು ಅದಲುಬದಲು ಬರೆದರೆ, ನಕಲಾಗುವ ಮೊದಲೇ ಮೂಲ ಹೋಯಿತು.

ನಾನು ಡಿಪ್ಲೊಮಾ ಓದುವಾಗ ಟರ್ಬೊ ಸಿ ಯಲ್ಲಿ ಇಂಥ ಪ್ರೋಗ್ರಾಂ ಬರೆದಿದ್ದೆ. ಆಗಿನ ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 14,74,560 ಬೈಟ್, ಅಂದರೆ ಇವತ್ತಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಕೂರುವುದು ಕಷ್ಟ. ನನ್ನ ಪ್ರೋಗ್ರಾಂ ಬರಹದ ಫೈಲುಗಳನ್ನು ಚೆನ್ನಾಗಿ ಕಾಪಿ ಮಾಡಿತು. ಖುಷಿಯಲ್ಲಿ ಒಂದು ಚಿತ್ರದ ಫೈಲ್ ಕೊಟ್ಟೆ. ಕೆಲವು ನೂರು ಬೈಟ್ ಬರೆದು ನಿಂತುಬಿಟ್ಟಿತು. ತಪ್ಪಾಗಿದೆ ಅಂತ ಒಂದು ಮಾತೂ ಹೇಳಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ನಾನು ಫೈಲನ್ನು ಬರಹ ಅಂತ ಹೇಳಿ ತೆರೆದಿದ್ದೆ. ಡಾಸ್ ಕಾಲದ ಕಂಪ್ಯೂಟರಿನಲ್ಲಿ ಬರಹದ ನಡುವೆ 26 ಅನ್ನುವ ಬೈಟ್ ಬಂದರೆ "ಇಲ್ಲಿಗೆ ಮುಗಿಯಿತು" ಅಂತ ಅರ್ಥ. ಚಿತ್ರದಲ್ಲಿ 26 ಅನ್ನುವುದು ಬರೀ ಒಂದು ಬಣ್ಣದ ಅಂಕಿ ಇರಬಹುದು. ಪ್ರೋಗ್ರಾಂ ಅದನ್ನೇ ಪೂರ್ಣವಿರಾಮ ಅಂದುಕೊಂಡು ಎದ್ದು ಹೋಗಿತ್ತು. ಬೈನರಿ ಅಂತ ಹೇಳಿ ತೆರೆದರೆ ಸರಿಹೋಯಿತು. ಅವತ್ತು ನಾನು ಕಲಿಯಬೇಕಾಗಿದ್ದ ಪಾಠ ಬೇರೆಯೇ ಇತ್ತು. ಪ್ರೋಗ್ರಾಂ ಸುಮ್ಮನೆ ಮುಗಿಯಿತು ಅಂದರೆ ಕೆಲಸ ಆಯಿತು ಅಂತ ಅರ್ಥವಲ್ಲ. ಅದನ್ನು ನಾನು ಕಲಿಯಲಿಲ್ಲ.

ಈಗ ಹೋದ ವರ್ಷಕ್ಕೆ ಬರುತ್ತೇನೆ. ಈ ಸ್ಮರಣ ಸಂಚಿಕೆಗೆ ಹಳೆಯ ಫೋಟೋಗಳನ್ನು ಸೇರಿಸಬೇಕು ಅಂತ ಸಮಿತಿ ತೀರ್ಮಾನಿಸಿತು. ಹಳೆಯ ವಿದ್ಯಾರ್ಥಿಗಳು ಪೆನ್ ಡ್ರೈವ್, ಸಿಡಿ, ಮೊಬೈಲಿನ ಮೆಮೊರಿ ಕಾರ್ಡ್, ಏನು ಸಿಕ್ಕಿತೋ ಅದನ್ನು ತಂದುಕೊಟ್ಟರು. ಚಿಕ್ಕಬಾಣಾವರದಿಂದ, ಹೆಸರಘಟ್ಟದ ಕಡೆಯಿಂದ, ಮದುವೆಯಾಗಿ ದೂರದ ಊರಿಗೆ ಹೋದವರಿಂದಲೂ ಬಂತು. ಒಟ್ಟುಗೂಡಿಸುವ ಕೆಲಸ ನನ್ನದು. ನಾನು ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಯಾವ ಕಾರ್ಡ್ ಚುಚ್ಚಿದರೂ ಅದರೊಳಗಿನ ಫೋಟೋಗಳನ್ನೆಲ್ಲ ಹುಡುಕಿ ತೆಗೆದು ನನ್ನ ಡಿಸ್ಕಿನ ಒಂದೇ ಫೋಲ್ಡರಿಗೆ ಕಾಪಿ ಮಾಡುವುದು. ತಂದವರು ಕೂತಿದ್ದಂತೆಯೇ ಐದು ನಿಮಿಷದಲ್ಲಿ ಕೆಲಸ ಮುಗಿಸಿ ಕಾರ್ಡ್ ವಾಪಸ್ ಕೊಡುತ್ತಿದ್ದೆ.

ಒಂದು ಭಾನುವಾರ ಒಬ್ಬ ಹುಡುಗಿ ಬಂದಳು. ನಮ್ಮ ಶಾಲೆಯಲ್ಲಿ ಬಹಳ ವರ್ಷ ಜವಾನರಾಗಿದ್ದ ತಾತನ ಮೊಮ್ಮಗಳು. ತಾತ ಅಂದರೆ ನಮಗೆಲ್ಲ ಗಂಟೆಯೇ. ಕಡೆಯ ಪೀರಿಯಡ್ಡಿನಲ್ಲಿ ಅವರು ಆಫೀಸಿನಿಂದ ಎದ್ದು ಹೊರಟ ಸಪ್ಪಳಕ್ಕೇ ನಾವು ಪುಸ್ತಕ ಮುಚ್ಚುತ್ತಿದ್ದೆವು. ಅವರು ತೀರಿಕೊಂಡು ತುಂಬ ವರ್ಷವಾಯಿತು. ಸ್ವಾತಂತ್ರ್ಯ ದಿನಾಚರಣೆಯಂದು ಗಂಟೆಯ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಒಂದೇ ಒಂದು ಫೋಟೋ ಅವರ ಮನೆಯಲ್ಲಿತ್ತು. ಗೋಡೆಗೆ ನೀರಿಳಿದು ಆ ಫೋಟೋ ಹಾಳಾಯಿತು. ಹಾಳಾಗುವ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಂಡಿದ್ದರು. ಆ ಕಾರ್ಡನ್ನೇ ಅವಳು ತಂದದ್ದು. ಪ್ರೋಗ್ರಾಂ ಓಡಿತು, ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಹರಿದುಹೋದವು. ನಾನು ಕಾರ್ಡ್ ಕೈಗೆ ಕೊಟ್ಟು "ಆಯ್ತಮ್ಮ, ಕಾಪಿ ಆಗಿದೆ" ಅಂದೆ. "ಇದರಲ್ಲಿ ಜಾಗ ಇಲ್ಲ ಅಣ್ಣ, ಅಳಿಸಿಬಿಡ್ಲಾ?" ಅಂದಳು. "ಅಳಿಸು, ನನ್ನ ಹತ್ರ ಇದೆ" ಅಂದೆ.

ಎರಡು ತಿಂಗಳ ಮೇಲೆ ಫೋಟೋಗಳನ್ನು ಆರಿಸಲು ಕೂತೆವು. ಪ್ರೋಗ್ರಾಂ ತಾನು ಕಾಪಿ ಮಾಡಿದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟಿತ್ತು. ಪಟ್ಟಿಯಲ್ಲಿ 1,312 ಫೋಟೋ, ಫೋಲ್ಡರಿನಲ್ಲಿ 1,268. ನಲವತ್ತನಾಲ್ಕು ಇಲ್ಲ. ಕಾರಣ ಹುಡುಕಲು ಹತ್ತು ನಿಮಿಷ ಸಾಕಾಯಿತು. ಎಷ್ಟೋ ಕ್ಯಾಮೆರಾಗಳು ಫೋಟೋಗಳಿಗೆ ಐಎಂಜಿ 0001, ಐಎಂಜಿ 0002 ಅಂತ ಅವೇ ಹೆಸರು ಇಡುತ್ತವೆ. ಒಬ್ಬರ ಐಎಂಜಿ 0017 ಬಂದು ಕೂತ ಜಾಗಕ್ಕೆ ಇನ್ನೊಬ್ಬರ ಐಎಂಜಿ 0017 ಬಂತು. ಆ ಹೆಸರಿನ ಫೈಲ್ ಮೊದಲೇ ಇದೆಯಾ ಅಂತ ನನ್ನ ಪ್ರೋಗ್ರಾಂ ಕೇಳಲಿಲ್ಲ, ಯಾಕೆಂದರೆ ಕೇಳು ಅಂತ ನಾನು ಬರೆದಿರಲಿಲ್ಲ. ಬರೆಯುವುದಕ್ಕೆ ತೆರೆಯಿತು, ಹಳೆಯದು ಖಾಲಿಯಾಯಿತು, ಹೊಸದು ಬಂದು ಕೂತಿತು. ಮೌಸ್ ಹಿಡಿದು ಎಳೆದಿದ್ದರೆ "ಇದೇ ಹೆಸರಿನ ಫೈಲ್ ಇದೆ, ಏನು ಮಾಡಲಿ?" ಅಂತ ಕಂಪ್ಯೂಟರೇ ಕೇಳುತ್ತಿತ್ತು. ಪ್ರೋಗ್ರಾಂ ಬರೆಯುವವನು ಆ ಪ್ರಶ್ನೆಯನ್ನು ತಾನೇ ಬರೆಯಬೇಕು.

ನಲವತ್ತನಾಲ್ಕರಲ್ಲಿ ನಲವತ್ತಮೂರು ಫೋಟೋಗಳನ್ನು ಮತ್ತೆ ಮನೆಮನೆಗೆ ಹೋಗಿ ತಂದೆ. ಉಳಿದ ಒಂದು ಯಾವುದು ಅಂತ ನಿಮಗೆ ಗೊತ್ತಾಗಿರಬೇಕು. ಗಂಟೆ ತಾತನ ಜಾಗದಲ್ಲಿ ಯಾರದೋ ಶಾಲಾ ಪ್ರವಾಸದ ಬಸ್ಸಿನ ಫೋಟೋ ಕೂತಿತ್ತು.

ಆ ಕಾರ್ಡನ್ನು ಮತ್ತೆ ತರಿಸಿದೆ. ಫೈಲ್ ಅಳಿಸಿದರೂ ಅದರ ಬೈಟುಗಳು ತಕ್ಷಣ ಹೋಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದ ಹಾಗೆ, ಆ ಜಾಗ ಖಾಲಿ ಇದೆ ಅಂತ ಗುರುತು ಹಾಕುತ್ತದೆ ಅಷ್ಟೆ. ಅದರ ಮೇಲೆ ಬೇರೆ ಏನೂ ಬರೆಯದಿದ್ದರೆ ಮರಳಿ ಪಡೆಯುವ ಸಾಧ್ಯತೆ ಇರುತ್ತದೆ. ಆದರೆ ಎರಡು ತಿಂಗಳಲ್ಲಿ ಅದರ ತುಂಬ ಹೊಸ ವಿಡಿಯೋಗಳು ಬಂದಿದ್ದವು. ಸಿಗಲಿಲ್ಲ. ಅವತ್ತು ಸಂಜೆ ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಹುಡುಗಿ ಏನೂ ಅನ್ನಲಿಲ್ಲ. ಅವಳ ಅಜ್ಜಿ ಮಾತ್ರ, "ನೀನು ಓದಿದೋನು, ಆಯ್ತು ಅಂದೆ. ಅದಕ್ಕೇ ಅಳಿಸಿದ್ವಿ ಕಣಪ್ಪ" ಅಂದರು. ಕೋಪದಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ನನಗೆ ಅಲ್ಲಿ ಕೂರುವುದಕ್ಕೆ ಆಗಲಿಲ್ಲ.

ಒಂದು ವಾರದ ಮೇಲೆ ಆ ಹುಡುಗಿಯೇ ಫೋನ್ ಮಾಡಿದಳು. ತುಮಕೂರಿನಲ್ಲಿರುವ ಅವಳ ಚಿಕ್ಕಮ್ಮನಿಗೆ ಯಾವಾಗಲೋ ವಾಟ್ಸ್‌ಆ್ಯಪ್‌ನಲ್ಲಿ ಆ ಫೋಟೋ ಕಳಿಸಿದ್ದರಂತೆ, ಚಿಕ್ಕಮ್ಮನ ಫೋನಿನಲ್ಲಿ ಇನ್ನೂ ಇತ್ತು. ನನಗೆ ಜೀವ ಬಂದಂತಾಯಿತು. ಆದರೆ ಪಟ್ಟಿಯಲ್ಲಿ ಬರೆದಿದ್ದ ಮೂಲದ ಅಳತೆ 3 ಎಂಬಿ, ತುಮಕೂರಿನಿಂದ ಬಂದದ್ದು 140 ಕೆಬಿ. ಸಾಮಾನ್ಯವಾಗಿ ಫೋಟೋ ಅಂತ ಕಳಿಸಿದಾಗ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿ ಕಳಿಸುತ್ತದೆ. ಫೋನಿನ ಪರದೆಯಲ್ಲಿ ಗೊತ್ತಾಗುವುದಿಲ್ಲ, ಅಚ್ಚು ಹಾಕಿದರೆ ಗೊತ್ತಾಗುತ್ತದೆ. ಈ ಸಂಚಿಕೆಯಲ್ಲಿ ಗಂಟೆಯ ಪಕ್ಕ ನಿಂತಿರುವ ತಾತನ ಚಿತ್ರ ಸ್ವಲ್ಪ ಮಸುಕಾಗಿ ಕಾಣುತ್ತದೆ. ಮುದ್ರಣಾಲಯದವರ ತಪ್ಪಲ್ಲ, ನನ್ನ ತಪ್ಪು. ಅದನ್ನು ಎಲ್ಲರ ಮುಂದೆ ಹೇಳಬೇಕು ಅಂತಲೇ ಈ ವಿಷಯ ಆರಿಸಿಕೊಂಡೆ.

ಆಮೇಲೆ ಪ್ರೋಗ್ರಾಂ ಹೊಸದಾಗಿ ಬರೆದೆ. ಈಗ ಅದು ಪ್ರತಿಯೊಬ್ಬರ ಫೋಟೋಗಳಿಗೆ ಬೇರೆ ಬೇರೆ ಫೋಲ್ಡರ್ ಮಾಡುತ್ತದೆ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಮುಟ್ಟುವುದಿಲ್ಲ, ನಿಂತು ಹೇಳುತ್ತದೆ. ಕಾಪಿ ಮಾಡುವಾಗ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಸರಿಯಾದ ಹೆಸರಿಡುತ್ತದೆ. ನಡುವೆ ಕರೆಂಟ್ ಹೋದರೂ ಅರ್ಧ ಫೈಲ್ ಪೂರ್ತಿ ಫೈಲಿನ ಹೆಸರು ಹೊತ್ತು ಕೂರುವುದಿಲ್ಲ. ಕಡೆಗೆ ತಾಳೆ ನೋಡುತ್ತದೆ. ಮೂಲದ ಬೈಟುಗಳಿಂದ ಎಸ್‌ಎಚ್‌ಎ-256 ಅನ್ನುವ ಲೆಕ್ಕ ಮಾಡಿದರೆ 64 ಅಕ್ಷರದ ಒಂದು ಗುರುತು ಬರುತ್ತದೆ. ಒಂದೇ ಒಂದು ಬೈಟ್ ಬದಲಾದರೂ ಆ ಗುರುತು ಪೂರ್ತಿ ಬದಲಾಗುತ್ತದೆ. ನಕಲಿಗೂ ಅದೇ ಲೆಕ್ಕ ಮಾಡಿ ಎರಡೂ ಒಂದೇ ಬಂದರೆ ಮಾತ್ರ "ಸರಿ" ಅನ್ನುತ್ತದೆ. ಇದರಲ್ಲೂ ಒಂದು ಸೂಕ್ಷ್ಮವಿದೆ. ಬರೆದ ಕೂಡಲೇ ಓದಿದರೆ ಕಂಪ್ಯೂಟರ್ ತನ್ನ ನೆನಪಿನಲ್ಲಿರುವುದನ್ನೇ ಓದಿ ಹೇಳಬಹುದು, ಡಿಸ್ಕಿನ ಮೇಲಿರುವುದನ್ನಲ್ಲ. ಅದಕ್ಕೆ ಡಿಸ್ಕನ್ನು ಸರಿಯಾಗಿ ಕಳಚಿ, ಮತ್ತೆ ಹಾಕಿ ತಾಳೆ ನೋಡುತ್ತೇನೆ. ಪೆನ್ ಡ್ರೈವನ್ನು ಪಟ್ಟಂತ ಕೀಳಬೇಡಿ ಅಂತ ಹೇಳುವುದೂ ಇದೇ ಕಾರಣಕ್ಕೆ. ಪರದೆಯ ಮೇಲೆ ಮುಗಿದಂತೆ ಕಂಡರೂ ಒಳಗೆ ಕೊನೆಯ ಬಿಂದಿಗೆಗಳು ಇನ್ನೂ ಸುರಿಯುತ್ತಿರಬಹುದು.

ತಾಳೆ ನೋಡಿದರೂ ಇನ್ನೊಂದು ತೊಡಕು ಉಳಿಯುತ್ತದೆ, ಅದು ಕನ್ನಡದವರಿಗೆ ಚೆನ್ನಾಗಿ ಪರಿಚಯ. ನಿವೃತ್ತರಾದ ನಮ್ಮ ಒಬ್ಬ ಗುರುಗಳು ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ವರ್ಷಗಳ ಹಿಂದೆಯೇ ನುಡಿಯಲ್ಲಿ ಬೆರಳಚ್ಚು ಮಾಡಿ ಸಿಡಿಯಲ್ಲಿಟ್ಟಿದ್ದರು. ಕಾಪಿ ಮಾಡಿ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. "ಕಾಪಿ ಕೆಟ್ಟಿದೆ ಕಣಯ್ಯ" ಅಂದರು. ಈ ಸಲ ನಾನು ಗುರುತು ತಾಳೆ ನೋಡಿದೆ. ಒಂದು ಬೈಟೂ ಬದಲಾಗಿರಲಿಲ್ಲ. ಹಳೆಯ ನುಡಿಯಲ್ಲಿ, ಬರಹದಲ್ಲಿ ಬೆರಳಚ್ಚು ಮಾಡಿದ ಬರವಣಿಗೆ ಕಾಣುವುದು ಆ ಫಾಂಟ್ ಇದ್ದರೆ ಮಾತ್ರ. ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆಗಳಿವೆ, ಹಾಗಾಗಿ ಯಾವ ಫೋನಿನಲ್ಲಾದರೂ ಓದಬಹುದು. ಆ ಪಟ್ಟಿಯನ್ನು ಯೂನಿಕೋಡಿಗೆ ಬದಲಿಸಿ, ಗುರುಗಳ ಪಕ್ಕ ಕೂತು ಒಂದೊಂದು ಹೆಸರನ್ನೂ ಓದಿ ತಿದ್ದಿದೆವು. ಮೂಲದ ಫೈಲನ್ನೂ ಹಾಗೇ ಇಟ್ಟಿದ್ದೇವೆ.

ಊರವರಿಗೆ ನಾನು ಹೇಳುವುದು ಇಷ್ಟೇ. ಮಗಳ ಮದುವೆಯ ಫೋಟೋ ಆಗಲಿ, ಜಮೀನಿನ ಪತ್ರವನ್ನು ಸ್ಕ್ಯಾನ್ ಮಾಡಿಸಿದ್ದಾಗಲಿ, ಯಾರಾದರೂ "ಕಾಪಿ ಆಯ್ತು" ಅಂದರೆ ನಂಬಿ ಮೂಲವನ್ನು ಅಳಿಸಬೇಡಿ. ನಕಲನ್ನು ಬೇರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ನೀವೇ ತೆರೆದು ನೋಡಿ. ಮೊದಲನೆಯದು, ನಡುವಿನದು, ಕೊನೆಯದು, ಮೂರನ್ನಾದರೂ ತೆರೆಯಿರಿ. ಎಷ್ಟಿದ್ದವು, ಎಷ್ಟು ಬಂದವು ಎಣಿಸಿ. ಮುಖ್ಯವಾದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಎರಡು ಪ್ರತಿ ಮನೆಯಲ್ಲಿದ್ದರೆ ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ತಾತನ ಫೋಟೋ ಉಳಿದದ್ದು ಯಾರೂ ಯೋಚಿಸದೆ ತುಮಕೂರಿಗೆ ಹೋದ ಒಂದು ಪ್ರತಿಯಿಂದ.

ಮಕ್ಕಳಿಗೆ ಒಂದು ಕೆಲಸ. ಈ ಸಂಚಿಕೆಗಾಗಿ ಕೂಡಿಸಿದ ಎಲ್ಲ ಫೋಟೋ, ಪಟ್ಟಿ, ಬರಹಗಳನ್ನು ಎರಡು ಡಿಸ್ಕಿಗೆ ಹಾಕಿ ಇವತ್ತು ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ಪ್ರತಿ ಫೈಲಿನ ಗುರುತನ್ನು ಬರೆದ ಪಟ್ಟಿಯೂ ಜೊತೆಗಿದೆ. ಡಿಸ್ಕುಗಳಿಗೂ ವಯಸ್ಸಾಗುತ್ತದೆ, ಒಂದು ದಿನ ಹೇಳದೆ ಕೇಳದೆ ನಿಂತುಬಿಡುತ್ತವೆ. ವರ್ಷಕ್ಕೊಮ್ಮೆ ಒಂಬತ್ತನೇ ತರಗತಿಯ ಮಕ್ಕಳು ಅದನ್ನು ತೆರೆದು, ಗುರುತುಗಳನ್ನು ತಾಳೆ ನೋಡಿ, ಕೆಲವು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಏರಿಸಬೇಕು. ಪ್ರೋಗ್ರಾಂ ಬರೆಯಲು ನಾನು ಬಂದು ಹೇಳಿಕೊಡುತ್ತೇನೆ, ಮೊದಲ ತರಗತಿ ಬರುವ ತಿಂಗಳು ಅಂತ ಮೇಷ್ಟ್ರ ಹತ್ತಿರ ಮಾತಾಡಿದ್ದೇನೆ. ಶಾಲೆ ನೂರು ವರ್ಷ ತುಂಬಿಸುವಾಗ ಇಲ್ಲಿ ಭಾಷಣ ಮಾಡುವವರಿಗೆ ಗಂಟೆ ತಾತ ಕಾಣಬೇಕಾದರೆ ಈ ಕೆಲಸ ಯಾರಾದರೂ ಮಾಡುತ್ತಿರಬೇಕು.

ಅವತ್ತು ನಮ್ಮ ಗಣಿತದ ಮೇಷ್ಟ್ರು ಎರಡು ಪೇಪರ್ ಪಕ್ಕಪಕ್ಕ ಇಟ್ಟು ಸಾಲುಸಾಲಿಗೂ ಬೆರಳಿಟ್ಟು ನೋಡಿದರಲ್ಲ, ನನ್ನ ಹೊಸ ಪ್ರೋಗ್ರಾಂ ಮಾಡುವುದೂ ಅದನ್ನೇ. ಒಂಬತ್ತನೇ ತರಗತಿಯಲ್ಲಿ ಕಣ್ಣಾರೆ ಕಂಡದ್ದನ್ನು ಕಲಿಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಏಳೆಂಟಲ ಐವತ್ತಾರು.